ಕಾವಲಿಗೆ ಕಿವಿ ಬೇಡ

ಬರ್ರಿ. ಚಪ್ಪಲಿ ಹಾಕ್ಕೊಂಡೇ ಬರ್ರಿ, ಇದೇನು ಗುಡಿ ಅಲ್ಲ.
ಬ್ಯಾಗು ಮಾತ್ರ ಇಲ್ಲಿಡಿ.
ನನ್ನ ಹೆಸರು ಗೋಣೆಪ್ಪ. ಏನಾದ್ರೂ ಕೇಳೋದಿದ್ರೆ
ಎದುರಿಗೆ ನಿಂತು, ತುಟಿ ಕಾಣೋ ಹಂಗೆ ಕೇಳಿ.
ಇಪ್ಪತ್ತಾರು ವರ್ಷ ಸಾಂಚೆ ಮುಂದೆ ನಿಂತೋನು,
ನನ್ನ ಕಿವೀನ ಮಿಲ್ಲು ತನ್ನ ಹತ್ರಾನೇ ಇಟ್ಕೊಂತು.
ಮುಚ್ಚಿದಾಗ ಎಲ್ಲಾ ಲೆಕ್ಕ ಚುಕ್ತಾ ಮಾಡಿದ್ರು,
ಅದೊಂದು ಬರೀಲಿಲ್ಲ.

ಇದು ಲಿಡಿಯಾ ಕರುಣಾಬಾಯಿಯ ಕೋಣೆ,
ಬಾಯ್ಲರ್ ಫಿಟ್ಟರ್ ಯೋನಪ್ಪನ ಮಗಳು.
ಈ ಗಾಜಿನೊಳಗೆ ಆಯಮ್ಮನ ಕನ್ನಡಕ, ಒಂದು ಕಡ್ಡಿ ಮುರಿದದ್ದು.
ಇದು ವಿಯೆನ್ನಾದ ಕಛೇರಿ ಪತ್ರಿಕೆ,
ಊರಿನ ಹೆಸರು ತಪ್ಪಾಗಿ ಅಚ್ಚಾಗೈತೆ,
ಪೆನ್ಸಿಲಿನಲ್ಲಿ ತಾನೇ ತಿದ್ದ್ಯಾಳೆ: ದಾವಣಗೆರೆ.
ಇದು ಕೂತು ಕೂತು ನಡು ಸವೆದ ಸ್ಟೂಲು.
ಇವು ಗಾರೆಯಲ್ಲಿ ಅಚ್ಚು ತೆಗೆದ ಎರಡು ಕೈ.
ಜನ ಇಲ್ಲಿ ನಿಂತು ತಮ್ಮ ತಮ್ಮ ಬೆರಳು ನೋಡ್ಕೊಂತಾರೆ.
ನಾನೂ ನೋಡ್ಕೊಂಡೆ, ಮೊದಲನೇ ದಿನ.
ನನಗೆ ಒಂಬತ್ತು.
ಒಂದನ್ನ ಲಾಳಿ ತಗೊಂತು.

ಗೋಡೆಗೆ ತೂಗಿರೋದು ಕಿವಿಗೆ ಹಾಕ್ಕೊಂಡು ಕೇಳೋದು.
ಅದು ನುಡಿತೈತೋ ಇಲ್ವೋ, ಮುಖ ನೋಡಿ ಹೇಳ್ತೀನಿ.
ಎರಡನೇ ನಿಮಿಷಕ್ಕೆ ರೆಪ್ಪೆ ಇಳೀತಾವೆ,
ನಾಲ್ಕಕ್ಕೆ, ನುಂಗಿದ ಉಗುಳು ಗಂಟಲಲ್ಲೇ ನಿಲ್ತೈತೆ.
ಮಂಡಿಪೇಟೆಯ ಮೆಣಸಿನಕಾಯಿ ದಲಾಲರೊಬ್ರು
ಕಣ್ಣೊರಸಿಕೊಂಡು ಹೊರಟೋರು
ಬೈಕಿನ ಕೀಲಿ ಇಲ್ಲೇ ಮರೆತು ಹೋದ್ರು.
ಒಂದಿನ ಯಾರ ಮುಖದಲ್ಲೂ ಏನೂ ಆಗಲಿಲ್ಲ.
ಮೇಡಂ, ಕೆಟ್ಟೈತೆ ಅಂದೆ.
ನಕ್ಕರು. ಆಮೇಲೆ ನೋಡಿದ್ರು:
ರಾತ್ರಿ ಇಲಿ ವೈರು ಕಡಿದಿತ್ತು.

ಈಗ ಇದು. ಪಿಯಾನೋ.
ಮಿಲ್ ಮ್ಯಾನೇಜರ್ ಬಂಗಲೆಯದ್ದು. ಅಲ್ಲಿ
ನೀರೊಲೆ ಕೊಳವೆ ರಿಪೇರಿಗೆ ಅಪ್ಪ ಹೋದಾಗ
ಸ್ಪ್ಯಾನರು ಹಿಡಿಯೋಕೆ ಅಂತ ಮಗಳು ಹೋದ್ಲು.
ಮುಂದಿನದು ಬೋರ್ಡಿನಲ್ಲೈತೆ, ಓದ್ಕೊಳ್ಳಿ.
ಇಲ್ಲದ್ದು ಹೇಳ್ತೀನಿ.
ಶ್ರುತಿ ಕೂಡಿಸೋಕೆ ಬಂದಾತ ಇದರ ಹೊಟ್ಟೆ ಬಿಚ್ಚಿದಾಗ
ತಂತಿಗಳ ಅಡಿಗೆ ಒಂದು ಬೊಗಸೆ ಹತ್ತಿ.
ಕಸ ಅಂದ. ನಾನು ಎರಡು ಬೆರಳಲ್ಲಿ ಹಿಡಿದು ಎಳೆದೆ:
ಜಯಧರ್. ಗಿಡ್ಡ ಎಳೆ. ಎರಡನೇ ಕೊಯ್ಲಿನದು.
ಅದೂ ಈಗ ಗಾಜಿನೊಳಗೈತೆ, ನೋಡಿ ಅಲ್ಲಿ,
ಈ ಇಡೀ ಕೋಣೆಯಲ್ಲಿ ನಾನು ಬರೆಸಿದ್ದು ಅದೊಂದೇ ಸಾಲು.

ಯಾವ ದೇಶದಲ್ಲೇ ಇರಲಿ, ಶುರು ಮಾಡೋಕೆ ಮುಂಚೆ
ಆಯಮ್ಮ ಒಂದೇ ಒಂದು ಮನೆ ಮುಟ್ಟುತ್ತಿದ್ಲಂತೆ, ಮೆಲ್ಲಗೆ.
ಪ್ರಾರ್ಥನೆ ಅಂತ ಬರೆದ್ರು ಅಲ್ಲಿನ ಪೇಪರಿನೋರು.
ತಮ್ಮ ಬಂದಿದ್ದ ಇಲ್ಲಿಗೆ, ಕೋಲೂರಿಕೊಂಡು.
ನಕ್ಕುಬಿಟ್ಟ. ಎಂಥಾ ಪ್ರಾರ್ಥನೆ,
ಅದು ಮೂರನೇ ಪಾಳಿ ಭೋಂಗಾ ಕಣಪ್ಪಾ ಅಂದ.

ಅದು ನನಗೆ ಈಗಲೂ ಕೇಳಿಸ್ತೈತೆ.
ಕಿವೀಲಲ್ಲ, ಹಲ್ಲಿನ ಬೇರಲ್ಲಿ.

ರೈಲ್ವೆ ಗೇಟು ಹಾಕಿದಾಗ, ಗೂಡ್ಸು ದಾಟೋವಾಗ,
ಒಳಗಿನ ತಂತಿ ಎಲ್ಲಾ ಒಟ್ಟಿಗೆ ನಡುಗ್ತಾವೆ.
ನಿಮಗೆ ಕೇಳಿಸಲ್ಲ. ಪಕ್ಕದ ಹಲಗೆ ಮೇಲೆ
ಅಂಗೈ ಇಡಬೇಕು, ಹಿಂಗೆ.
ಹೌದ್ರಿ, ಮುಟ್ಟಬಾರದು ಅಂತ ನಾನೇ ಮೊಳೆ ಹೊಡೆದಿದ್ದು.

ಹೋದ ಗುರುವಾರ ಸಾಲಿ ಹುಡುಗ್ರು ಬಂದಿದ್ರು.
ಎಲ್ಲಾ ಹೋದ ಮೇಲೂ ಒಬ್ಬಳು ಉಳ್ಕೊಂಡ್ಲು.
ನಾನು ಬಾಗಿಲ ಕಡೆ ಮುಖ ಮಾಡಿದ್ದೆ.
ತಿರುಗಿದೆ. ಬೆರಳು ಬಿಳಿ ಮನೆ ಮೇಲೆ,
ಒಳಗೆ ಪುಟ್ಟ ಸುತ್ತಿಗೆ ಎದ್ದು ಬೀಳ್ತಿತ್ತು,
ಎಲ್ಲೋ ಉಳಿದಿದ್ದ ಒಂದೆಳೆ ಹತ್ತಿ ಬಿಸಿಲಿಗೆ ಹಾರ್ತು.
ಹುಡುಗಿ ಬೆವೆತು ನನ್ನನ್ನೇ ನೋಡ್ತು.
ಬೈಬೇಕಿತ್ತು. ಸಂಬಳ ಕೊಡೋದೇ ಅದಕ್ಕೆ.

ಅಲ್ಲೆಲ್ಲಾ ಬೇಡ ಕೂಸೇ, ಅಂದೆ,
ಈ ಮೂಲೇಗೆ ಬಾ, ದಪ್ಪನೇದು ಒತ್ತು.
ತಡಿ, ನಾನು ಕೈ ಇಟ್ಕೊಂತೀನಿ.

ಮೇಡಂಗೆ ಹೇಳಬೇಡಿ.
ಐದಕ್ಕೆ ಮುಚ್ಚತೀವಿ. ಬ್ಯಾಗು ಮರೀಬೇಡಿ ಮತ್ತೆ.